ಮನೆಗೋ, ಆಫೀಸಿಗೋ?

"ಮನೆ ಯೂಸಿಗೆ ತಾನೆ ಆಂಟಿ? ಹಂಗಾದ್ರೆ ಇದು ಧಾರಾಳವಾಗಿ ಸಾಕು."

ಮೊನ್ನೆ ಅರಸು ರಸ್ತೆಯ ಮೊಬೈಲ್ ಅಂಗಡಿಯಲ್ಲಿ ಕೌಂಟರಿನ ಆಚೆ ನಿಂತಿದ್ದ ಹುಡುಗಿ ಹೀಗೆಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಅವಳದೇನೂ ತಪ್ಪಿಲ್ಲ. ನಗುತ್ತಲೇ ಹೇಳಿದಳು. ನನ್ನ ಮುಖ ಬಿಗಿದದ್ದನ್ನು ನೋಡಿ ಬೇರೇನೋ ಅಂದುಕೊಂಡು, "ಇದ್ರಲ್ಲೂ ಎಂಟು ಕೋರ್ ಇದೆ ಆಂಟಿ, ಫಾಸ್ಟಾಗೇ ಇರುತ್ತೆ" ಎಂದು ಸಮಾಧಾನವನ್ನೂ ಹೇಳಿದಳು. ಎಂಟು! ಅಂಗೈಯಗಲದ ಫೋನಿನೊಳಗೆ ಎಂಟು ಪ್ರೊಸೆಸರುಗಳು ಸದ್ದಿಲ್ಲದೆ ಸಂಸಾರ ಮಾಡಿಕೊಂಡಿವೆ. ಅವುಗಳ ಮೇಲಿರುವ ಆಪರೇಟಿಂಗ್ ಸಿಸ್ಟಮ್ 'ನೀವು ಮನೆಯವರೋ ಆಫೀಸಿನವರೋ' ಎಂದು ಕೇಳದೆ ಎಂಟಕ್ಕೂ ಕೆಲಸ ಹಂಚುತ್ತದೆ. ನಾನು ಎರಡೇ ಎರಡಕ್ಕಾಗಿ ಒಂದು ಇಡೀ ಬೇಸಿಗೆ ಹೊಡೆದಾಡಿದವಳು. ಇಪ್ಪತ್ತು ವರ್ಷದ ಮೇಲಾಯಿತು, ಆದರೂ ಆ ಸಿಟ್ಟು ಇನ್ನೂ ಆರಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಮದುವೆ ಸೀಸನ್ನು ಅದು. ಮೈಸೂರಿನ ಒಂಟಿಕೊಪ್ಪಲಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ನಮ್ಮ ಯಜಮಾನರು ಮಹೇಶ್ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಅವರು ಛತ್ರದಿಂದ ತಂದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಹೆಣ್ಣುಗಂಡಿನ ಹೆಸರು ಬರೆದು, ನೋಡುವ ಹಾಗೆ ಮಾಡಿಕೊಡುತ್ತಿದ್ದವಳು ನಾನು. ಇದಕ್ಕೆ ನಮ್ಮಲ್ಲಿ ಮಿಕ್ಸಿಂಗ್ ಅನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಕ್ಲಾಸಿಗೆ ಹೋಗಿ ಕಲಿತದ್ದು. ಊಟದ ಮನೆಯ ಪಕ್ಕದಲ್ಲಿ, ಮೊದಲು ಅಕ್ಕಿ ಡ್ರಮ್ಮು ಇಡುತ್ತಿದ್ದ ಮೂಲೆಯಲ್ಲಿ ನನ್ನ ಮೇಜು, ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತರೆ ನನಗೆ ಪ್ರಪಂಚ ಬೇಕಿರಲಿಲ್ಲ. ಧಾರೆ ಹೊತ್ತಿನಲ್ಲಿ ಅಳು ನುಂಗಿಕೊಳ್ಳುವ ಅಪ್ಪಂದಿರು, ಆರತಕ್ಷತೆಯಲ್ಲಿ ಕಾಲು ನೋವಿಗೆ ಚಪ್ಪಲಿ ಬಿಚ್ಚಿ ಸೀರೆಯೊಳಗೆ ಪಾದ ಬಚ್ಚಿಟ್ಟುಕೊಂಡು ನಿಲ್ಲುವ ಮದುಮಗಳು, ಎಲ್ಲರನ್ನೂ ನಾನು ನೋಡುತ್ತಿದ್ದೆ. ಅವರಿಗೆ ಮಾತ್ರ ನಾನು ಯಾರೆಂದು ಗೊತ್ತಿರುತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಗಿರಾಕಿಗಳು "ಮಿಕ್ಸಿಂಗ್ ಯಾರು ಮಾಡೋದು?" ಅಂತ ಕೇಳಿದರೆ ನಮ್ಮವರು "ನಮ್ಮ ಮನೆಯವರು ಮಾಡ್ತಾರೆ" ಅನ್ನುತ್ತಿದ್ದರು. ಕನ್ನಡದಲ್ಲಿ ಇದೊಂದು ಚೆಂದದ ಮಾತು. ಹೆಂಡತಿಯ ಹೆಸರು ಹೇಳಲು ಸಂಕೋಚವಾದಾಗ 'ಮನೆಯವರು' ಅಂದುಬಿಟ್ಟರೆ ಮುಗಿಯಿತು. ನನಗೂ ಆಗ ಅದರಲ್ಲಿ ತಪ್ಪು ಕಂಡಿರಲಿಲ್ಲ. ಗಿರಿಜಾ ಅನ್ನುವ ಹೆಸರು ಪಡಿತರ ಚೀಟಿಯಲ್ಲಿ ಭದ್ರವಾಗಿತ್ತು, ಬಾಯಲ್ಲಿ ಮನೆಯವರು.

ಹಳೆಯ ಕಂಪ್ಯೂಟರಿನ ಕಷ್ಟವನ್ನು ಸ್ವಲ್ಪ ಹೇಳಬೇಕು. ಕತ್ತರಿಸಿ ಜೋಡಿಸಿದ್ದನ್ನೆಲ್ಲ ಕಂಪ್ಯೂಟರು ಕೊನೆಗೆ ಒಂದೇ ಚಿತ್ರವಾಗಿ ಬೇಯಿಸಿ ಇಳಿಸಬೇಕು. ಅದಕ್ಕೆ ರೆಂಡರ್ ಎಂದು ಹೆಸರು. ಒಂದು ಮದುವೆಯನ್ನು ಬೆಳಿಗ್ಗೆ ರೆಂಡರಿಗೆ ಹಾಕಿದರೆ ಸಂಜೆಯ ತನಕ ಅದು ಬೇಯುತ್ತಲೇ ಇರುತ್ತಿತ್ತು, ಮೌಸ್ ಮುಟ್ಟಿದರೆ ಎಲ್ಲವೂ ನಿಂತು ಹೋಗುತ್ತಿತ್ತು. ಇನ್ನೊಂದು ಮದುವೆಯ ಹೆಸರು ಬರೆಯೋಣವೆಂದರೆ ಸಾಧ್ಯವಿಲ್ಲ. ಗಿರಾಕಿಗಳಿಗೋ ದಿನಕ್ಕೊಂದು ಆಸೆ. ಮಂಟಪದ ಮೇಲೆ ಹೂವು ಬೀಳಬೇಕು, ಗುಲಾಬಿಯೊಳಗಿಂದ ಹುಡುಗನ ಮುಖ ಬರಬೇಕು, ಮೈಸೂರಲ್ಲೇ ಆದ ಮದುವೆಗೆ ಹಿಂದೆ ಹಿಮದ ಬೆಟ್ಟ ಕಾಣಬೇಕು. ಒಂದೊಂದು ಹೂವಿಗೂ ಯಂತ್ರ ಏದುಸಿರು ಬಿಡುತ್ತಿತ್ತು.

ಬೆಂಗಳೂರಿನಲ್ಲಿ ಜಾಹೀರಾತು ಮಾಡುತ್ತಿದ್ದ ಒಂದು ಸ್ಟುಡಿಯೋ ಬಾಗಿಲು ಹಾಕುತ್ತಿದೆ, ಅವರ ಯಂತ್ರ ಮಾರಾಟಕ್ಕಿದೆ ಎಂದು ತಿಳಿದಾಗ ನಾನೇ ಗಂಟುಬಿದ್ದು ನಮ್ಮವರನ್ನು ಕರೆದುಕೊಂಡು ಹೋದೆ. ಆ ಯಂತ್ರದೊಳಗೆ ಒಂದಲ್ಲ, ಎರಡು ಪ್ರೊಸೆಸರ್, ಅಂದರೆ ಕೆಲಸ ಮಾಡುವ ಎರಡು ತಲೆ ಇದ್ದವು. ಸ್ಟುಡಿಯೋದವರು ಒಂದು ಜಾಹೀರಾತನ್ನು ರೆಂಡರಿಗೆ ಹಾಕಿದರು. ಆಮೇಲೆ ಕೀಬೋರ್ಡಿನ ಮೂರು ಗುಂಡಿ ಒಟ್ಟಿಗೆ ಒತ್ತಿ ಪರದೆಯ ಮೇಲೆ ಒಂದು ಚಿಕ್ಕ ಕಿಟಕಿ ತೆರೆದು ತೋರಿಸಿದರು. ಅದರಲ್ಲಿ ಪಕ್ಕಪಕ್ಕ ಎರಡು ಕಪ್ಪು ಚೌಕ, ಎರಡರಲ್ಲೂ ಹಸಿರು ಗೆರೆ ಓಡುತ್ತಿತ್ತು. "ಒಂದೊಂದು ಪ್ರೊಸೆಸರಿಗೆ ಒಂದೊಂದು ಮೇಡಂ" ಅಂದರು. ರೆಂಡರ್ ಒಂದು ಕಡೆ ನಡೆಯುತ್ತಿರುವಾಗಲೇ ಇನ್ನೊಂದು ಚಿತ್ರ ತೆರೆದು ಅದರ ಬಣ್ಣ ತಿದ್ದಿದರು. ಯಾವುದೂ ನಿಲ್ಲಲಿಲ್ಲ. ನನಗೆ ಅಲ್ಲೇ ಕುಣಿಯುವಂತಾಯಿತು. ನಮ್ಮವರಿಗೆ ಮನಸ್ಸಿರಲಿಲ್ಲ, ಹಳೇ ಮಾಲು ಎಂದು ಮೂಗು ಮುರಿದರು. ನಾನು ಹಟ ಹಿಡಿದೆ. ಯಂತ್ರ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಗೆ ಒರಗಿಕೊಂಡು ಮೈಸೂರಿಗೆ ಬಂತು.

ಅದರೊಳಗಿನ ಹಾರ್ಡ್ ಡಿಸ್ಕನ್ನು ಸ್ಟುಡಿಯೋದವರು ತಮ್ಮ ಕೆಲಸಗಳಿದ್ದವೆಂದು ತೆಗೆದುಕೊಂಡಿದ್ದರು. ಹಾಗಾಗಿ ಹೊಸ ಡಿಸ್ಕು ಹಾಕಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ತುಂಬಬೇಕಿತ್ತು. ಅದನ್ನು ಮಾಡಲು ಕಂಪ್ಯೂಟರ್ ರಿಪೇರಿಯ ಪ್ರಕಾಶ ಬಂದ. ಭುಜದ ಚೀಲದಲ್ಲಿ ಅವನು ಒಂದು ಸಿಡಿ ಪುಸ್ತಕ ಇಟ್ಟುಕೊಂಡು ತಿರುಗುತ್ತಿದ್ದ, ಆಲ್ಬಮ್ಮಿನಂತೆ ಹಾಳೆ ಮಗುಚಿದರೆ ಒಂದೊಂದು ಹಾಳೆಗೆ ಒಂದೊಂದು ಸಿಡಿ. ಅಸಲಿಯೋ ನಕಲಿಯೋ ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಯಜಮಾನರು ಚಿತ್ರೀಕರಣಕ್ಕೆ ಹೋಗಿದ್ದರು. ಮೊಗಸಾಲೆಯಲ್ಲಿ ಪ್ರಕಾಶನ ಜೊತೆ ಕೂತವರು ನಮ್ಮ ಮಾವನವರು. ನಾನು ಮನೆಗೆ ಬಂದವರಿಗೆ ಕಾಫಿ ಮಾಡಲು ಒಳಗೆ ಹೋದೆ.

ನಾನು ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದ ಆ ಹೊತ್ತಿನಲ್ಲೇ ನನ್ನ ಇಡೀ ಬೇಸಿಗೆಯ ಹಣೆಬರಹವನ್ನು ಹೊರಗೆ ಬರೆದುಮುಗಿಸಿದ್ದರು. ಅದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಮಾಘದಲ್ಲಿ ಶುರುವಾದ ಮದುವೆಗಳು ಚೈತ್ರ ಮುಗಿದು ವೈಶಾಖಕ್ಕೆ ಬರುವ ಹೊತ್ತಿಗೆ ಮೈಮೇಲೆ ಬಿದ್ದವು. ಛತ್ರಗಳು ಸಿಗದೆ ಜನ ಬೆಳಿಗ್ಗೆ ಒಂದು, ಸಂಜೆ ಒಂದು ಮದುವೆ ಮಾಡುತ್ತಿದ್ದ ಕಾಲ. ಹೊಸ ಯಂತ್ರ ಹಳೆಯದಕ್ಕಿಂತ ಒಂದಿಷ್ಟು ಚುರುಕಾಗಿತ್ತು, ಅಷ್ಟೆ. ರೆಂಡರಿಗೆ ಹಾಕಿದರೆ ಮೊದಲಿನ ಹಾಗೆಯೇ ಎಲ್ಲವೂ ನಿಲ್ಲುತ್ತಿತ್ತು. ಮೌಸ್ ಎಳೆದರೆ ಬಾಣದ ಗುರುತು ಕೆಸರಲ್ಲಿ ಕಾಲಿಟ್ಟ ಹಾಗೆ ಒಂದೊಂದೇ ಹೆಜ್ಜೆ ಬರುತ್ತಿತ್ತು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದರೆ ಎರಡು ಪ್ರೊಸೆಸರಿನ ಮೇಲಿನ ಎರಡು ಫ್ಯಾನೂ ತಿರುಗುತ್ತಿದ್ದವು, ಎರಡರಿಂದಲೂ ಸೆಖೆ ಬರುತ್ತಿತ್ತು. ಪ್ರಕಾಶನನ್ನು ಮತ್ತೆ ಮತ್ತೆ ಕರೆಸಿದೆ. ಅವನು ಬಂದು ಧೂಳು ಊದಿ, ಮೆಮೊರಿ ಬಿಚ್ಚಿ ಹಾಕಿ, "ಎಲ್ಲಾ ಸರಿಯಾಗೈತಲ್ಲ ಅಕ್ಕ, ನಿಮ್ದು ಗ್ರಾಫಿಕ್ಸ್ ಜಾಸ್ತಿ, ಅದಕ್ಕೇ" ಎಂದು ತಪ್ಪನ್ನೆಲ್ಲ ಆ ಬೀಳುವ ಹೂವಿನ ಮೇಲೆ ಹಾಕಿ ಹೋಗುತ್ತಿದ್ದ.

ಮಂಡಕಳ್ಳಿಯ ಒಂದು ಮದುವೆಯದು ಆಗ ಬಾಕಿಯಿತ್ತು. ಹುಡುಗಿಯ ಸೋದರಮಾವ ಸಿದ್ದೇಗೌಡರು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಬೀದಿಗೆಲ್ಲ ಕೇಳುವ ಗಂಟಲು.

"ಏನ್ ತಾಯಿ, ಇನ್ನೂ ಆಗ್ನಿಲ್ವಾ? ಹೆಣ್ಣು ತವ್ರಿಗೆ ಬಂದ್ಬುಟ್ಟು ಗಂಡನ್ ಮನೆಗೆ ತಿರ್ಗಾನೂ ಹೊಂಟೋದ್ಲು, ನಿಮ್ ಕ್ಯಾಸೆಟ್ಟು ಮಾತ್ರ ಬರ್ನಿಲ್ಲ. ಇನ್ನೇನ್ ಬಸ್ರಿ ಆಗಿ ಸೀಮಂತಕ್ಕೆ ಕೊಟ್ಟೀರಾ?"

ಎದುರು ಮನೆಯವರು ನಕ್ಕರು. ನಮ್ಮ ಯಜಮಾನರಿಗೆ ಅವಮಾನವಾಯಿತು. ಅವತ್ತು ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಮಾತು ತೆಗೆದರು.

"ನಿನ್ನ ಮಾತು ಕೇಳಿ ಕುದುರೆ ತರ್ತೀನಿ ಅಂತ ಹೋಗಿ ಕತ್ತೆ ತಂದಂಗಾಯ್ತು."

"ಕತ್ತೆ ಅಲ್ಲ ಕಣ್ರೀ. ಅದು ಅಲ್ಲಿ ಎಂಗೆ ಓಡ್ತಿತ್ತು ನೀವೂ ನೋಡಿದ್ರಲ್ಲ."

"ಅಲ್ಲಿ ಓಡಿಸೋರು ಬೇರೆ ಇದ್ರು." ಅನ್ನ ಕಲಸುತ್ತ ಮತ್ತೆ ಹೇಳಿದರು: "ಅಗ್ರಹಾರದ ಹತ್ರ ಒಂದು ಮಿಕ್ಸಿಂಗ್ ಲ್ಯಾಬ್ ಇದೆ. ಮಾತಾಡಿದ್ದೀನಿ. ಆಷಾಢದಿಂದ ಎಲ್ಲಾ ಅವರಿಗೇ ಕೊಟ್ಬುಡೋಣ. ಈ ಯಂತ್ರ ಯಾರಿಗಾದ್ರೂ ದಾಟಿಸಿದ್ರಾಯ್ತು. ನೀನೂ ಮನೇಲಿ ಆರಾಮಾಗಿರು."

ಮನೇಲಿ ಆರಾಮಾಗಿರು! ಆ ಮಾತು ನನಗೆ ಹೊಡೆದ ಹಾಗಾಯಿತು. ನಾನು ಇದುವರೆಗೆ ಎಲ್ಲಿದ್ದೆ? ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ತಿಂಡಿ ಮಾಡಿ, ಮಾವನವರ ಸಕ್ಕರೆ ಕಾಯಿಲೆಯ ಪಥ್ಯ ಬೇರೆ ಮಾಡಿ, ಅದರ ಮಧ್ಯೆ ಊರವರ ಮದುವೆಗಳನ್ನು ಕತ್ತರಿಸಿ ಜೋಡಿಸುತ್ತಿದ್ದದ್ದು ಯಾವ ಊರಿನಲ್ಲಿ? ಆಷಾಢ ಬಂದರೆ ನನ್ನ ಕುರ್ಚಿ ಎತ್ತಿ ಮತ್ತೆ ಅಕ್ಕಿ ಡ್ರಮ್ಮು ಇಡುತ್ತಾರೆ ಎನ್ನುವುದು ಕಣ್ಣ ಮುಂದೆ ಬಂತು. ಸಾರು ಬಡಿಸುತ್ತ ಇದ್ದವಳು ಸೌಟನ್ನು ಪಾತ್ರೆಯೊಳಗೇ ಬಿಟ್ಟು ಎದ್ದುಹೋದೆ.

ಭರಣಿ ಮಳೆ ಒಂದು ಮಧ್ಯಾಹ್ನ ಜೋರಾಗಿ ಹೊಡೆದು, ಕರೆಂಟು ಹೋಗಿ ಬಂದು, ಯುಪಿಎಸ್ ಹಿಡಿದುಕೊಂಡರೂ ಯಂತ್ರ ನಡುವೆಯೇ ಸಿಕ್ಕಿಹಾಕಿಕೊಂಡಿತು. ಸಿಕ್ಕಿಕೊಂಡ ಪ್ರೋಗ್ರಾಮನ್ನು ಕಿತ್ತುಹಾಕಲು ಮೂರು ಗುಂಡಿ ಒಟ್ಟಿಗೆ ಒತ್ತಿದೆ. ಚಿಕ್ಕ ಕಿಟಕಿ ತೆರೆಯಿತು. ಸಿಟ್ಟಿನಲ್ಲಿ ಎಲ್ಲೆಲ್ಲೋ ಒತ್ತಿದಾಗ ಕಪ್ಪು ಚೌಕ ಬಂತು. ಅದರಲ್ಲಿ ಹಸಿರು ಗೆರೆ ನೆತ್ತಿಗೆ ಅಂಟಿಕೊಂಡು ನಿಂತಿತ್ತು. ನಾನು ಸುಮ್ಮನೆ ನೋಡುತ್ತಾ ಕೂತೆ. ಏನೋ ಕಡಿಮೆ ಅನ್ನಿಸಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಬೆಂಗಳೂರಿನ ಆ ಪರದೆ ನೆನಪಿಗೆ ಬಂದಾಗ ಹೊಳೆಯಿತು. ಅಲ್ಲಿ ಎರಡು ಚೌಕಗಳಿದ್ದವು. ಇಲ್ಲಿರುವುದು ಒಂದೇ.

ಮಳೆ ನಿಲ್ಲುವ ಮೊದಲೇ ಫೋನು ಮಾಡಿ ಪ್ರಕಾಶನನ್ನು ಕರೆಸಿದೆ. ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದವನಿಗೆ ಪರದೆ ತೋರಿಸಿ, "ಇನ್ನೊಂದೆಲ್ಲಿ?" ಅಂದೆ.

"ಇನ್ನೊಂದು ಅಂದ್ರೆ?"

"ಒಳಗೆ ಎರಡು ಪ್ರೊಸೆಸರ್ ಇದೆ ತಾನೆ? ಇಲ್ಲಿ ಒಂದೇ ಕಾಣ್ತಿದೆಯಲ್ಲ, ಇನ್ನೊಂದೆಲ್ಲಿ ಹೋಯ್ತು?"

ಅವನು ನಕ್ಕುಬಿಟ್ಟ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅಯ್ಯೋ ಅಕ್ಕ, ಹಾಕಿರೋ ಆಪರೇಟಿಂಗ್ ಸಿಸ್ಟಮ್ಮು ಹೋಮ್ ಎಡಿಷನ್ ಅಲ್ವಾ! ಎಕ್ಸ್‌ಪಿ ಹೋಮು. ಇದು ಒಂದೇ ಪ್ರೊಸೆಸರ್ ತಗೊಳೋದು. ಎರಡು ಬೇಕು ಅಂದ್ರೆ ಪ್ರೊಫೆಷನಲ್ ಹಾಕ್ಬೇಕಿತ್ತು."

"ಮತ್ಯಾಕೆ ಹಾಕ್ಲಿಲ್ಲ?"

"ನೀವೇ ಮನೆಗೆ ಅಂದ್ರಲ್ಲ ಅಕ್ಕ."

"ನಾನಾ? ನಾನ್ಯಾವಾಗ ಅಂದೆ?"

"ನೀವಲ್ಲ, ತಾತ. ಹಾಕೋಕ್ ಮುಂಚೆ ಕೇಳ್ದೆ, ಸಿಸ್ಟಮ್ಮು ಮನೆಗೋ ಆಫೀಸಿಗೋ ಅಂತ. ತಾತ ಮನೆಗೇ ಮನೆಗೇ ಅಂದ್ರು. ನಾನು ಹೋಮ್ ಹಾಕ್ದೆ."

"ಹೋಗಲಿ, ಒಳಗೆ ಎರಡಿದೆ ಅಂತ ಇದಕ್ಕೆ ಗೊತ್ತೇ ಆಗಲ್ವಾ?" ಅಂದೆ.

"ನಿಮ್ಮ ಹಳೇ ಕಂಪ್ಯೂಟರಲ್ಲಿ ನೈಂಟಿ ಎಯ್ಟ್ ಅನ್ನೋದು ಇತ್ತಲ್ಲ, ಅದಕ್ಕಾದ್ರೆ ಗೊತ್ತಾಗ್ತಿರ್ಲಿಲ್ಲ. ಅದನ್ನ ಕಟ್ಟಿರೋದೇ ಒಂದಕ್ಕೆ, ಎರಡನೇದ್ರ ಕಡೆ ನೋಡೋಕೆ ಅದಕ್ಕೆ ಕಣ್ಣೇ ಇಲ್ಲ. ಇದು ಅಂಗಲ್ಲ ಅಕ್ಕ. ಹೋಮು, ಪ್ರೊಫೆಷನಲ್ಲು ಎರಡ್ರ ತಿರುಳೂ ಒಂದೇ. ಇದಕ್ಕೆ ಕಣ್ಣಿದೆ. ಆದ್ರೆ ಹೋಮ್ ಅಂತ ಹೆಸರಿಟ್ಟಿದ್ದಕ್ಕೆ, ಒಂದಕ್ಕೆ ಮಾತ್ರ ಕೆಲ್ಸ ಕೊಡು, ಇನ್ನೊಂದನ್ನ ತಿರುಗಿ ನೋಡ್ಬೇಡ ಅಂತ ಹೇಳ್ಬುಟ್ಟಿದ್ದಾರೆ."

"ಯಾಕೆ?"

"ಮನೇಲಿ ಎರಡು ಯಾಕೆ ಬೇಕು ಅಕ್ಕ? ಮಕ್ಳು ಗೇಮ್ ಆಡ್ತಾರೆ, ಯಾರೋ ಒಂದು ಲೆಟರ್ ಟೈಪ್ ಮಾಡ್ತಾರೆ. ಮನೇಲೇನ್ ಅಂಥಾ ಕೆಲ್ಸ ಇರುತ್ತೆ?"

ಅವನು ಇದನ್ನು ಹೇಳುತ್ತಿರುವಾಗ ನನ್ನ ಬೆನ್ನ ಹಿಂದೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಪಕ್ಕದ ಒಲೆಯಲ್ಲಿ ಹಾಲು ಕಾಯುತ್ತಿತ್ತು, ಮಳೆಗೆ ಒಳಗೆ ತಂದು ಹಾಕಿದ ಬಟ್ಟೆ ಕುರ್ಚಿಗಳ ಮೇಲಿತ್ತು, ಮೇಜಿನ ಮೇಲೆ ಮಂಡಕಳ್ಳಿಯ ಮದುವೆ ಅರ್ಧ ಬೆಂದು ನಿಂತಿತ್ತು. ಮನೇಲೇನು ಅಂಥಾ ಕೆಲಸವಂತೆ! ಯಾವ ದೇಶದ ಯಾವ ಮಹಡಿಯಲ್ಲಿ ಕೂತು ಯಾವ ಪುಣ್ಯಾತ್ಮ ಇದನ್ನು ನಿರ್ಧಾರ ಮಾಡಿದನೋ, ಅವನು ಒಂದು ದಿನವಾದರೂ ಮನೆಯಲ್ಲಿ ಇದ್ದವನಲ್ಲ. ಆಫೀಸಿನಲ್ಲಿ ಒಂದು ಫೈಲು ಮೇಜಿನ ಮೇಲೆ ಬಿದ್ದಿದ್ದರೆ ಸಾಹೇಬರು ಟೀ ಕುಡಿದು ಬರುವವರೆಗೆ ಅದು ಕಾಯುತ್ತದೆ. ಒಲೆಯ ಮೇಲಿನ ಹಾಲು ಕಾಯುತ್ತದೆಯೆ? ಒಂದೇ ಹೊತ್ತಿಗೆ ಹತ್ತು ಕೆಲಸ ನಡೆಯುವ ಜಾಗಕ್ಕೆ ಒಂದೇ ಸಾಕೆಂದು, ಒಂದೊಂದೇ ಕೆಲಸ ಸಾಲಾಗಿ ನಡೆಯುವ ಜಾಗಕ್ಕೆ ಎರಡು ಬೇಕೆಂದು ಬರೆದಿಟ್ಟರಲ್ಲ! ಆಗುವುದಿಲ್ಲ ಅಂದಿದ್ದರೆ ಸುಮ್ಮನಿರುತ್ತಿದ್ದೆ. ಆಗುತ್ತದೆ, ಕಾಣುತ್ತದೆ, ಆದರೂ ನೋಡಬೇಡ ಅಂದದ್ದು ನನ್ನ ಹೊಟ್ಟೆ ಉರಿಸಿತು. ಅಷ್ಟು ತಿಂಗಳು ಆ ಎರಡನೆಯದು ಕರೆಂಟು ತಿಂದು, ಫ್ಯಾನು ತಿರುಗಿಸಿಕೊಂಡು, ಕೆಲಸಕ್ಕೆ ಕರೆಯುವವರಿಲ್ಲದೆ ಕೂತಿತ್ತು. ಅದರ ಪರವಾಗಿ ನನಗೆ ಅಳು ಬಂತು.

"ಆ ಪ್ರೊಫೆಷನಲ್ ಸಿಡಿ ಎಲ್ಲಿ ಸಿಗುತ್ತೆ?" ಅಂದೆ.

ಪ್ರಕಾಶ ತನ್ನ ಸಿಡಿ ಪುಸ್ತಕ ತೆಗೆದು ಹಾಳೆ ಮಗುಚಿದ. "ಇಲ್ಲೇ ಇದೆಯಲ್ಲ ಅಕ್ಕ." ಹೋಮ್ ಇದ್ದ ಹಾಳೆಯ ಮರುಬದಿಯಲ್ಲೇ ಅದಿತ್ತು.

ಮಾವನವರನ್ನು ಕೇಳದೆ ಬಿಡಲಿಲ್ಲ. ಅವರು ಸಂತೆಪೇಟೆಯಲ್ಲಿ ಬಹಳ ವರ್ಷ ಜವಳಿ ಅಂಗಡಿ ನಡೆಸಿದವರು. ವಿಭೂತಿ ಇಟ್ಟುಕೊಂಡು ಮೊಗಸಾಲೆಯ ಈಚಲು ಚಾಪೆಯ ಮೇಲೆ ಕೂತಿದ್ದರು. ನನ್ನ ದನಿ ಎಂದೂ ಅವರೆದುರು ಏರಿದ್ದಿಲ್ಲ, ಅವತ್ತು ಏರಿತು. "ಮಾವ, ನೀವ್ಯಾಕೆ ಅವನ ಹತ್ರ ಮನೆಗೇ ಅಂತ ಹೇಳಿದ್ರಿ?"

ಅವರು ಗಾಬರಿಯಾದರು. "ಮನೇಲೇ ಇದೆಯಲ್ಲಮ್ಮ ಅದು? ಮತ್ತೆ ಮನೆಗೇ ಅಂತ ತಾನೆ ಅನ್ಬೇಕು?" ಆಮೇಲೆ ದನಿ ಇಳಿಸಿ, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು. "ಅವ್ನು ಪೆನ್ನು ಹಿಡ್ಕೊಂಡು ಮನೆಗೋ ಆಫೀಸಿಗೋ ಅಂದ. ಆಫೀಸು ಅಂದ್ಬುಟ್ರೆ ನಾಳೆ ಬಂದು ಕರೆಂಟ್ ಮೀಟರ್ ಬದಲಾಯಿಸಿ ಅಂಗಡಿ ರೇಟು ಹಾಕ್ಬುಡ್ತಾರೆ ಕಣಮ್ಮ. ಎದುರು ಮನೆ ಟೈಪಿಂಗ್ ಕ್ಲಾಸಿಗೆ ಏನಾಯ್ತು, ನೀನೂ ನೋಡ್ದೆಯಲ್ಲ? ಅದಕ್ಕೇ ಇಲ್ಲಿ ಯಾವ ಆಫೀಸೂ ಇಲ್ಲ, ಎಲ್ಲಾ ಮನೆಗೇ ಅಂದೆ."

ಅಂಗಡಿ ನಡೆಸಿದ ಕಾಲದಲ್ಲಿ ಇನ್ಸ್‌ಪೆಕ್ಟರುಗಳನ್ನು ಕಂಡು ಕಂಡು, ಪೆನ್ನು ಹಿಡಿದು ಪ್ರಶ್ನೆ ಕೇಳುವವನಿಗೆಲ್ಲ ಚಿಕ್ಕ ಉತ್ತರ ಕೊಡಬೇಕೆಂದು ಅವರು ಕಲಿತಿದ್ದರು. ನಮ್ಮ ಮೀಟರನ್ನು ಕಾಪಾಡಲು ಆಡಿದ ಒಂದು ಮಾತು ನನ್ನ ಯಂತ್ರದ ಅರ್ಧವನ್ನು ನುಂಗಿತ್ತು. ಅವರ ಮೇಲೆ ಎಷ್ಟು ಹೊತ್ತು ಕೋಪ ಮಾಡಿಕೊಳ್ಳಲಿ? ಆದರೆ ಪ್ರಕಾಶನ ಮೇಲೆ ಮಾಡಿಕೊಂಡೆ. ಯಂತ್ರ ಯಾರದ್ದು, ಅದರ ಮುಂದೆ ದಿನವೆಲ್ಲ ಕೂರುವವರು ಯಾರು ಎನ್ನುವುದು ಅವನಿಗೆ ಗೊತ್ತಿತ್ತು. ಆದರೂ ಪ್ರಶ್ನೆಯನ್ನು ಅಡುಗೆಮನೆ ಬಾಗಿಲಿಗೆ ತಂದು ಕೇಳಬೇಕೆಂದು ಅವನಿಗೆ ತೋಚಿರಲಿಲ್ಲ.

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸುಸ್ತಾಗಿ ಬಂದಿದ್ದರು. "ಆಯ್ತು ಬುಡು, ಈಗೇನ್ ಮಾಡೋಕಾಗುತ್ತೆ" ಅಂದರು. "ಮತ್ತೆ ಹೊಸದಾಗಿ ಹಾಕ್ಬೇಕು ಅಂದ್ರೆ ಡಿಸ್ಕೆಲ್ಲ ಅಳಿಸ್ಬೇಕು. ಸೀಸನ್ ನಡುವೆ ಆ ಕೆಲ್ಸ ಯಾರ್ ಮಾಡ್ತಾರೆ? ಮಂಡಕಳ್ಳಿದು ಬೇರೆ ಅರ್ಧ ಆಗಿದೆ. ಎಲ್ಲಾ ಹೋದ್ರೆ ಸಿದ್ದೇಗೌಡ್ರು ಮನೆ ಮುಂದೆ ನಿಂತು ಹೆಂಚು ಹಾರೋ ಹಂಗೆ ಕೂಗಾಡ್ತಾರೆ."

"ಕ್ಯಾಸೆಟ್ಟು ಇದೆ. ಮೊದಲಿಂದ ಇಳಿಸ್ಕೊಂಡು ಮಾಡ್ತೀನಿ."

"ಅದಾದ್ಮೇಲೂ ಇದು ಇಂಗೇ ಇದ್ರೆ?"

"ಇಂಗೇ ಇದ್ರೆ ಆಷಾಢಕ್ಕೆ ಕಾಯೋದೇ ಬೇಡ ಕಣ್ರೀ. ನಾನೇ ಕ್ಯಾಸೆಟ್ಟೆಲ್ಲ ಚೀಲಕ್ಕೆ ತುಂಬ್ಕೊಂಡು ನಿಮ್ಮ ಲ್ಯಾಬಿಗೆ ಕೊಟ್ಟು ಬರ್ತೀನಿ. ಕುರ್ಚಿ ಎತ್ತಿ ಅಕ್ಕಿ ಡ್ರಮ್ ಇಡಿ. ಮತ್ತೆ ಈ ಸುದ್ದಿ ಎತ್ತಲ್ಲ."

ಹೇಳುವಾಗ ನನ್ನ ದನಿ ಗಟ್ಟಿಯಾಗಿಯೇ ಇತ್ತು. ಒಳಗೆ ಹೋದ ಮೇಲೆ ಅನುಮಾನ ಶುರುವಾಯಿತು. ಪ್ರಕಾಶ ಹೇಳಿದ್ದು ಸುಳ್ಳಾಗಿದ್ದರೆ? ಎರಡನೆಯ ಪ್ರೊಸೆಸರ್ ಕೆಟ್ಟೇ ಹೋಗಿದ್ದರೆ? ಹಾಗೇನಾದರೂ ಆದರೆ ನಾನು ಆಡಿದ ಮಾತನ್ನು ನಾನೇ ನಡೆಸಬೇಕಿತ್ತು.

ಮಾರನೆಯ ದಿನ ಪ್ರಕಾಶ ಬಂದ. ಅವತ್ತು ನಾನು ಕಾಫಿ ಮಾಡಲು ಏಳಲಿಲ್ಲ. "ಕಾಫಿ ಆಮೇಲೆ, ಮೊದ್ಲು ಇದು ಆಗ್ಲಿ" ಎಂದು ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಡಿಸ್ಕು ಅಳಿಸಿ ಖಾಲಿಯಾಯಿತು. ಹೊಸ ಸಿಡಿ ಗರಗರ ತಿರುಗಿತು. ಬಹಳ ಹೊತ್ತಾದ ಮೇಲೆ ಪರದೆಯ ಮೇಲೆ ಎರಡು ಖಾಲಿ ಪೆಟ್ಟಿಗೆಗಳು ಬಂದವು. ಒಂದರಲ್ಲಿ ಹೆಸರು ಕೇಳಿತು, ಇನ್ನೊಂದರಲ್ಲಿ ಸಂಸ್ಥೆ. ಪ್ರಕಾಶ ಅಭ್ಯಾಸಬಲದಿಂದ ಮೊಗಸಾಲೆಯ ಕಡೆಗೇ ಕತ್ತು ತಿರುಗಿಸಿದ.

"ತಾತ, ಹೆಸ್ರು ಏನ್ ಹಾಕ್ಲಿ?"

ಮಾವನವರು ಕೂತಲ್ಲಿಂದಲೇ ಕೈ ಅಡ್ಡ ಆಡಿಸಿದರು. "ನನ್ನ ಕೇಳ್ಬೇಡಪ್ಪ. ಒಂದ್ಸಲ ಹೇಳಿ ಸಾಕಾಗಿದೆ. ಮಾಡೋಳು ಅವಳು, ಅವಳನ್ನ ಕೇಳು."

ಕೀಬೋರ್ಡು ನಾನೇ ಎಳೆದುಕೊಂಡೆ. ಗಿರಿಜಾ ಎಂದು ಹಾಕಿದೆ. ಮೊಗಸಾಲೆಯಿಂದ ಮತ್ತೆ ದನಿ ಬಂತು: "ಆಫೀಸು ಅಂತ ಮಾತ್ರ ಎಲ್ಲೂ ಹಾಕ್ಬೇಡ ಕಣಮ್ಮ!" ನನಗೆ ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು. ಸಂಸ್ಥೆಯ ಹೆಸರು ಕೇಳಿದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಮನೆ' ಎಂದು ಒತ್ತಿ ಮುಂದೆ ಕಳಿಸಿದೆ.

ಎಲ್ಲ ಮುಗಿದು ಯಂತ್ರ ಎದ್ದಾಗ ಮೂರು ಗುಂಡಿ ಒತ್ತಲು ನನಗೆ ಧೈರ್ಯ ಸಾಲಲಿಲ್ಲ, ಪ್ರಕಾಶನೇ ಒತ್ತಿದ. ಪಕ್ಕಪಕ್ಕ ಎರಡು ಕಪ್ಪು ಚೌಕಗಳು ಬಂದವು. ಎರಡನೆಯದರಲ್ಲಿ ಹಸಿರು ಗೆರೆ ಸಣ್ಣಗೆ ಅಲ್ಲಾಡುತ್ತಿತ್ತು.

ಮಂಡಕಳ್ಳಿಯ ಮದುವೆಯನ್ನು ಮೊದಲಿನಿಂದ ಇಳಿಸಿಕೊಂಡು, ಕತ್ತರಿಸಿ, ಹೂವು ಬೀಳಿಸಿ ರೆಂಡರಿಗೆ ಹಾಕಿದೆ. ಅದು ಬೇಯುತ್ತಿರುವಾಗಲೇ ಮುಂದಿನ ಮದುವೆಯ ಹೆಸರುಗಳನ್ನು ಬರೆಯಲು ಕೂತೆ. ಬಾಣದ ಗುರುತು ನಾನು ಎಳೆದ ಕಡೆಗೆಲ್ಲ ಬಂತು. ಯಜಮಾನರು ಕ್ಯಾಮೆರಾ ಚೀಲ ಹೆಗಲಲ್ಲೇ ಇಟ್ಟುಕೊಂಡು ಹಿಂದೆ ಬಂದು ನಿಂತರು. ಒಂದು ಚಿತ್ರ ಬೇಯುತ್ತಿದೆ, ಇನ್ನೊಂದು ನನ್ನ ಕೈಯಲ್ಲಿದೆ, ಎರಡೂ ನಿಂತಿಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಫೋನೆತ್ತಿ ಲ್ಯಾಬಿನವರ ಹತ್ತಿರ ಮಾತಾಡಿದರು. "ಸದ್ಯಕ್ಕೆ ಬೇಡ ಸಾರ್, ಸಿಸ್ಟಮ್ ಸರಿಹೋಯ್ತು, ಇಲ್ಲೇ ಮಾಡ್ಕೋತೀವಿ" ಅಂದರು.

ಸಿಸ್ಟಮ್ ಸರಿಹೋಯಿತಂತೆ! ಸಿಸ್ಟಮ್ ಯಾವತ್ತು ಕೆಟ್ಟಿತ್ತು? ಫೋನಿಟ್ಟ ಮೇಲೆ ಅದನ್ನು ಅವರಿಗೆ ಹೇಳಿಯೂ ಹೇಳಿದೆ. ಅವರು ಸುಮ್ಮನೆ ನಕ್ಕರು. ಆಷಾಢ ಬಂದು ಹೋಯಿತು, ಕುರ್ಚಿ ಅಲ್ಲೇ ಉಳಿಯಿತು. ಸಿದ್ದೇಗೌಡರು ಸಿಡಿ ತೆಗೆದುಕೊಂಡು ಹೋಗುವಾಗ ಒಂದು ಗೋಣಿ ತೆಂಗಿನಕಾಯಿ ತಂದು, "ಅಮ್ಮಯ್ಯ, ಹೂವ ಎಂಗ್ ಬೀಳ್ಸಿದ್ದೀಯವ್ವ!" ಎಂದು ಬೀದಿಗೆಲ್ಲ ಕೇಳುವಂತೆ ಹೊಗಳಿದರು. ಎದುರು ಮನೆಯವರು ಅದನ್ನೂ ಕೇಳಿಸಿಕೊಂಡರು.

ಕೆಲವು ವರ್ಷಗಳ ಮೇಲೆ ಒಂದೇ ಪ್ರೊಸೆಸರ್ ಚಿಪ್ಪಿನೊಳಗೆ ಎರಡು ಕೋರ್ ಇರುವ ಯಂತ್ರಗಳು ಬಂದವು. ಆಗ ಇದೇ ಹೋಮ್ ತಕರಾರಿಲ್ಲದೆ ಎರಡಕ್ಕೂ ಕೆಲಸ ಕೊಟ್ಟಿತು. ಲೆಕ್ಕ ಚಿಪ್ಪಿಗಂತೆ, ಅದರೊಳಗೆ ಎಷ್ಟು ತಲೆಗಳಿವೆ ಅನ್ನುವುದಕ್ಕಲ್ಲವಂತೆ. ಅಂದರೆ ಒಂದೇ ಪಡಿತರ ಚೀಟಿಯಲ್ಲಿ ಯಜಮಾನರ ಹೆಸರಿನ ಕೆಳಗೆ ಇರುವುದಾದರೆ ಎಷ್ಟು ಜನ ದುಡಿದರೂ ಪರವಾಗಿಲ್ಲ, ಬೇರೆ ಚೀಟಿ ಕೇಳಬಾರದು ಅಷ್ಟೆ. ಅದನ್ನು ಕೇಳಿದಾಗಲೂ ಪ್ರಕಾಶನೆದುರು ಕೂಗಾಡಿದೆ. ಅವನು ಅಷ್ಟರಲ್ಲಿ ನನ್ನ ಕೂಗಾಟಕ್ಕೆ ಒಗ್ಗಿಹೋಗಿದ್ದ. ಯಾರ ಮನೆಗೆ ಹೋದರೂ ಈಗ ಮೊದಲು "ಇದ್ರ ಮುಂದೆ ಕೂರೋರು ಯಾರು? ಅವ್ರನ್ನ ಕರೀರಿ" ಅನ್ನುತ್ತೇನೆ ಅಕ್ಕ ಎಂದು ಹೇಳಿದ.

ಮಾವನವರು ಈಗಿಲ್ಲ. ಮೀಟರ್ ಬದಲಾಯಿಸಲು ಯಾರೂ ಬರಲಿಲ್ಲ. ಮದುವೆಗಳ ಮಿಕ್ಸಿಂಗ್ ನಾನು ಇವತ್ತಿಗೂ ಅದೇ ಮೂಲೆಯಲ್ಲಿ ಕೂತು ಮಾಡುತ್ತೇನೆ. ಈಗಿನ ಮಕ್ಕಳಿಗೆ ಇಡೀ ಮದುವೆ ಬೇಡ, ತಾಳಿ ಕಟ್ಟಿದ ಒಂದೆರಡು ನಿಮಿಷದ ತುಣುಕು ಊಟ ಮುಗಿಯುವುದರೊಳಗೆ ಫೋನಿಗೆ ಬರಬೇಕು. ಅದಕ್ಕೆಂದೇ ಮೊನ್ನೆ ನಾನು ಹೊಸ ಫೋನು ನೋಡಲು ಹೋದದ್ದು.

ಆ ಹುಡುಗಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಅಗ್ಗದ ಫೋನನ್ನು ಗಾಜಿನ ಮೇಲೆ ನನ್ನ ಕಡೆಗೆ ಇನ್ನಷ್ಟು ಸರಿಸಿ ಮತ್ತೆ ಕೇಳಿದಳು, "ಮನೆಗೇ ತಾನೆ ಆಂಟಿ?"

"ಹೂಂ ಕಣಮ್ಮ, ಮನೆಗೇ" ಅಂದೆ. "ಅದಕ್ಕೇ, ನಿಮ್ಮಲ್ಲಿ ಇರೋದ್ರಲ್ಲೆಲ್ಲ ಜೋರಾಗಿರೋದು ಯಾವುದೋ ಅದನ್ನ ತೆಗಿ."